ಬಿಕೋ ಎನ್ನುವ ಜಗಲಿ: ಎಐ ಚಿತ್ರಕ್ಕೆ ಭಾವ, ಬೆಳಕು, ಶೈಲಿಗಳನ್ನು ಹೇಳುವ ದಾರಿಗಳಲ್ಲಿ ಯಾವುದು ಮೇಲು?

ಒಂದು ಕಥಾಸಂಕಲನದ ಮುಖಪುಟಕ್ಕೆ ಚಿತ್ರ ಬೇಕಾಗಿತ್ತು. ಮಲೆನಾಡಿನ ಹೆಂಚಿನ ಮನೆ, ಮಳೆಗಾಲದ ಸಂಜೆ, ಜಗಲಿಯ ಕಂಬಕ್ಕೆ ಒರಗಿ ಕುಳಿತ ಅಜ್ಜಿ. ಮಕ್ಕಳು ಊರು ಬಿಟ್ಟು ವರ್ಷಗಳಾಗಿವೆ. ಚಿತ್ರ ತಯಾರಿಸುವ ಎಐ ಸಾಧನಕ್ಕೆ ನಾನು ಮೊದಲು ಕೊಟ್ಟ ಪ್ರಾಂಪ್ಟ್, ಅಂದರೆ ಬೇಕಾದ ಚಿತ್ರದ ವರ್ಣನೆ, ಹೀಗಿತ್ತು: ‘ಮಳೆಗಾಲದ ಸಂಜೆ ಹಳ್ಳಿಮನೆಯ ಜಗಲಿಯಲ್ಲಿ ಒಂಟಿಯಾಗಿ ಕುಳಿತ ಅಜ್ಜಿ, ವಿಷಾದ ತುಂಬಿದ, ಮನಮಿಡಿಯುವ, ಸುಂದರವಾದ ಚಿತ್ರ.’ ಬಂದ ಚಿತ್ರದಲ್ಲಿ ಅಜ್ಜಿಯ ಕೆನ್ನೆಯ ಮೇಲೆ ಎರಡು ಹನಿ ಕಣ್ಣೀರು. ಇಡೀ ಚಿತ್ರಕ್ಕೆ ನೀಲಿ ಬಳಿದಂತಿತ್ತು. ಸುರಿಯುವ ಮಳೆಯಲ್ಲಿಯೂ ಹಿಂದಿನಿಂದ ಚಿನ್ನದ ಬಣ್ಣದ ಬಿಸಿಲು ಬೀಳುತ್ತಿತ್ತು. ಮುಖದ ಸುಕ್ಕುಗಳು ಉಳಿಯಿಂದ ಕೆತ್ತಿದ ಹಾಗಿದ್ದವು. ಅಂತಹ ಅಜ್ಜಿಯನ್ನು ನಾನು ಯಾವ ಊರಿನಲ್ಲಿಯೂ ನೋಡಿಲ್ಲ.

ಮುಂದಿನ ಎರಡು ವಾರ ಅದೇ ದೃಶ್ಯವನ್ನು ಬೇರೆ ಬೇರೆ ದಾರಿಯಲ್ಲಿ ಬರೆದು ನೋಡಿದೆ. ಒಮ್ಮೆ ಭಾವದ ಹೆಸರಿನಿಂದ, ಒಮ್ಮೆ ಬೆಳಕಿನಿಂದ, ಒಮ್ಮೆ ಶೈಲಿಯ ಹೆಸರಿನಿಂದ, ಒಮ್ಮೆ ಕಾಗದ ಮತ್ತು ಬಣ್ಣದ ವರ್ಣನೆಯಿಂದ. ಯಾವ ದಾರಿ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ. ಅವಸರದಲ್ಲಿರುವವರಿಗೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಬೆಳಕನ್ನು ಮೊದಲು ಬರೆಯಿರಿ, ಆಮೇಲೆ ಮಾಧ್ಯಮ, ಆಮೇಲೆ ನೋಡುವವರು ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂಬುದು. ಭಾವದ ಹೆಸರು ಬೇಕೆನಿಸಿದರೆ ಕೊನೆಗೆ ಬರಲಿ.

ಭಾವದ ಹೆಸರೋ, ಭಾವದ ಕಾರಣವೋ

ಈ ಸಾಧನಗಳು ಪದದ ಅರ್ಥವನ್ನು ನಾವು ಕಲಿತ ಹಾಗೆ ಕಲಿತಿಲ್ಲ. ಅಂತರಜಾಲದಲ್ಲಿ ಯಾವ ಚಿತ್ರದ ಪಕ್ಕದಲ್ಲಿ ಯಾವ ಪದವಿತ್ತು ಎಂಬುದರಿಂದ ಕಲಿತಿವೆ. 2021ರಲ್ಲಿ ಓಪನ್‌ಎಐ ಹೊರತಂದ ಕ್ಲಿಪ್ ಎಂಬ ಮಾದರಿ 40 ಕೋಟಿ ಚಿತ್ರ–ಪಠ್ಯ ಜೋಡಿಗಳಿಂದ ಹೀಗೆ ತರಬೇತಿ ಪಡೆದಿತ್ತು. ಮರುವರ್ಷ ಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ತಯಾರಿಸುವ ಸಾಧನ ನಮ್ಮ ಮಾತನ್ನು ಓದುತ್ತಿದ್ದದ್ದು ಅದರ ಮೂಲಕವೇ. ‘ದುಃಖ’ ಎಂಬ ಶೀರ್ಷಿಕೆಯಡಿ ಜಾಲದಲ್ಲಿ ಸಿಗುವ ಚಿತ್ರಗಳನ್ನು ಒಮ್ಮೆ ನೆನೆದುಕೊಳ್ಳಿ. ಮುಖ ಮುಚ್ಚಿಕೊಂಡ ಹೆಂಗಸು, ನೀರಿಳಿಯುವ ಕಿಟಕಿ ಗಾಜು, ನೀಲಿ ಛಾಯೆ. ‘ವಿಷಾದ’ ಎಂದು ಬರೆದಾಗ ನಾನು ಆ ರಾಶಿಯನ್ನೇ ಕೇಳಿದಂತಾಗಿತ್ತು.

ನಮ್ಮ ಅಲಂಕಾರಶಾಸ್ತ್ರ ಈ ತೊಡಕನ್ನು ಬಹಳ ಹಿಂದೆಯೇ ಗುರುತಿಸಿದೆ. ಪದ್ಯದಲ್ಲಿ ‘ಶೃಂಗಾರ’ ಎಂಬ ಪದ ಹಾಕಿದ ಮಾತ್ರಕ್ಕೆ ಶೃಂಗಾರ ಹುಟ್ಟುವುದಿಲ್ಲ ಎಂದು ಆನಂದವರ್ಧನ ವಾದಿಸಿದ. ಮಮ್ಮಟನಂತೂ ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ರಸದೋಷಗಳ ಪಟ್ಟಿಗೆ ಸೇರಿಸಿದ. ಅದಕ್ಕೆ ಸ್ವಶಬ್ದವಾಚ್ಯತೆ ಎಂದು ಹೆಸರು. ರಸ ಹುಟ್ಟಬೇಕಾದರೆ ವಿಭಾವ ಬೇಕು, ಅನುಭಾವ ಬೇಕು: ಭಾವವನ್ನು ಎಬ್ಬಿಸುವ ಸನ್ನಿವೇಶ, ಅದು ಮೈಯಲ್ಲಿ ಕಾಣಿಸಿಕೊಳ್ಳುವ ಬಗೆ. ಪ್ರಾಂಪ್ಟ್ ಬರೆಯಲು ಕುಳಿತವರಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ನನಗೆ ಬೇರೆಲ್ಲಿಯೂ ಸಿಗಲಿಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡಿರುತ್ತೀರಿ. ಎಸ್. ಎಲ್. ಹಲ್ದಣಕರ್ 1940ರ ದಶಕದಲ್ಲಿ ಬರೆದದ್ದು. ರವಿವರ್ಮನದೆಂದು ತಪ್ಪಾಗಿ ತಿಳಿದವರು ಇಂದಿಗೂ ಇದ್ದಾರೆ. ಕಾಗದದ ಮೇಲಿನ ಜಲವರ್ಣ ಎಂದರೆ ನಂಬುವುದು ಕಷ್ಟ. ಅದರಲ್ಲಿ ಇರುವುದು ಇಷ್ಟೇ: ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಂತೆ ಅಡ್ಡ ಹಿಡಿದ ಇನ್ನೊಂದು ಕೈ, ಬೆರಳುಗಳ ಸಂದಿಯಲ್ಲಿ ಕೆಂಪಾಗಿ ಹಾಯುವ ಬೆಳಕು, ಆ ಬೆಳಕಿನಲ್ಲಿ ಅರಳಿದ ಮುಖ. ‘ಭರವಸೆ’ ಎಂಬ ಪದವನ್ನು ಯಂತ್ರಕ್ಕೆ ಕೊಟ್ಟರೆ ಸೂರ್ಯೋದಯವೋ ಮೊಳಕೆಯೋ ಬರುತ್ತದೆ. ‘ದೀಪಕ್ಕೆ ಅಡ್ಡ ಹಿಡಿದ ಅಂಗೈ, ಬೆರಳ ಸಂದಿಯಿಂದ ಹಾಯುವ ಕೆಂಪು ಬೆಳಕು, ಉಳಿದ ಕೋಣೆ ಕತ್ತಲು’ ಎಂದು ಕೊಟ್ಟರೆ ಭರವಸೆಯ ಹತ್ತಿರದ್ದೇನೋ ಬರುತ್ತದೆ.

ನನ್ನ ಅಜ್ಜಿಯ ಚಿತ್ರಕ್ಕೆ ಮರಳುತ್ತೇನೆ. ‘ವಿಷಾದ’, ‘ಮನಮಿಡಿಯುವ’, ‘ಒಂಟಿ’ ಮೂರನ್ನೂ ಹೊಡೆದುಹಾಕಿ ಹೀಗೆ ಬರೆದೆ: ‘ಉದ್ದನೆಯ ಮರದ ಬೆಂಚು, ಅದರ ಎಡತುದಿಯಲ್ಲಿ ಮಾತ್ರ ಅಜ್ಜಿ ಕುಳಿತಿದ್ದಾಳೆ. ಗೋಡೆಯಲ್ಲಿ ಸಾಲಾಗಿ ಐದು ಮರದ ಗೂಟಗಳು, ಒಂದರಲ್ಲಿ ಮಾತ್ರ ಕಪ್ಪು ಕೊಡೆ. ಅಜ್ಜಿ ಅಂಗಳದ ಕಡೆ ನೋಡುತ್ತಿದ್ದಾಳೆ, ಕೈಗಳು ಮಡಿಲಲ್ಲಿವೆ.’ ಯಂತ್ರ ಐದು ಗೂಟಗಳ ಬದಲು ಏಳು ಕೊಟ್ಟಿತು. ಎಣಿಕೆಯಲ್ಲಿ ಈ ಸಾಧನಗಳು ಆಗಾಗ ತಪ್ಪುತ್ತವೆ. ಅಡ್ಡಿಯಿಲ್ಲ. ಕೊಡೆ ಒಂದೇ ಇತ್ತು. ಕಣ್ಣೀರಿಲ್ಲದೆ ಮನೆ ಖಾಲಿಯಾಗಿತ್ತು.

ಹಾಗೆಂದು ಭಾವದ ಹೆಸರು ಎಲ್ಲಿಯೂ ಬೇಡ ಎನ್ನಲಾರೆ. ಮದುವೆಯ ಆಮಂತ್ರಣ ಪತ್ರಿಕೆ, ಶಾಲಾ ವಾರ್ಷಿಕೋತ್ಸವದ ಫಲಕ, ಹಬ್ಬದ ಶುಭಾಶಯ ಪತ್ರ ಇವುಗಳಿಗೆ ‘ಸಂಭ್ರಮ’, ‘ಉಲ್ಲಾಸ’ ಎಂದರೆ ಸಾಕು. ಅಲ್ಲಿ ಎಲ್ಲರಿಗೂ ಗೊತ್ತಿರುವ ಚಿತ್ರವೇ ಬೇಕಾಗಿರುತ್ತದೆ. ಇನ್ನೊಂದು ಮಧ್ಯದ ದಾರಿಯೂ ಉಂಟು: ಭಾವವನ್ನು ಬಣ್ಣಕ್ಕೆ ತಿರುಗಿಸುವುದು. ಭರತನ ನಾಟ್ಯಶಾಸ್ತ್ರ ರಸಕ್ಕೊಂದು ಬಣ್ಣ ಹೇಳುತ್ತದೆ. ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ, ಕರುಣಕ್ಕೆ ಕಪೋತ, ಅಂದರೆ ಪಾರಿವಾಳದ ಬೂದು. ನೀಲಿಯ ಹಾವಳಿಯಿಂದ ನನ್ನನ್ನು ಪಾರುಮಾಡಿದ್ದು ಈ ಕಪೋತವರ್ಣ. ‘ಆಕಾಶ ಮತ್ತು ಗೋಡೆ ಪಾರಿವಾಳದ ಬೂದು ಬಣ್ಣದಲ್ಲಿ’ ಎಂದು ಸೇರಿಸಿದ ಮೇಲೆ ಚಿತ್ರ ತಣ್ಣಗಾಯಿತು, ಅಳುವುದನ್ನು ನಿಲ್ಲಿಸಿತು.

ಬೆಳಕು: ಎಲ್ಲಿಂದ, ಎಷ್ಟು ಮೆತ್ತಗೆ

ಒಂದೇ ಒಂದು ಅಂಶವನ್ನು ಬರೆಯಲು ಅವಕಾಶವಿದ್ದರೆ ನಾನು ಬೆಳಕನ್ನು ಬರೆಯುತ್ತೇನೆ. ಇಲ್ಲಿ ಆಯ್ಕೆ ಮುಖ್ಯವಾಗಿ ಎರಡು: ಒಂದೆಡೆಯಿಂದ ಬರುವ ಗಟ್ಟಿ ಬೆಳಕು, ಎಲ್ಲೆಡೆಯಿಂದ ಸೋಸಿ ಬರುವ ಮೆತ್ತನೆಯ ಬೆಳಕು. ಭಾರತೀಯ ಸಿನಿಮಾದ ಇಬ್ಬರು ಛಾಯಾಗ್ರಾಹಕರು ಈ ಎರಡು ತುದಿಗಳನ್ನು ತೋರಿಸಿಕೊಟ್ಟಿದ್ದಾರೆ. ಮೈಸೂರಿನವರಾದ ವಿ. ಕೆ. ಮೂರ್ತಿ 1959ರ ‘ಕಾಗಜ್ ಕೇ ಫೂಲ್’ ಚಿತ್ರಕ್ಕಾಗಿ ಸ್ಟುಡಿಯೋದ ಒಳಗೆ ಕನ್ನಡಿಗಳಿಂದ ಸೂರ್ಯನ ಬಿಸಿಲನ್ನು ಹಾಯಿಸಿ, ಕತ್ತಲಲ್ಲಿ ಕಂಬದಂತೆ ನಿಲ್ಲುವ ಬೆಳಕಿನ ಕೋಲನ್ನು ಮೂಡಿಸಿದರು. ಅದಕ್ಕೆ ಮೂರು ವರ್ಷ ಮೊದಲು ಸುಬ್ರತ ಮಿತ್ರ ‘ಅಪರಾಜಿತೋ’ದಲ್ಲಿ ಬನಾರಸಿನ ಮನೆಯ ಅಂಗಳದ ಸೆಟ್ಟಿನ ಮೇಲೆ ಬಿಳಿಬಟ್ಟೆ ಕಟ್ಟಿ, ದೀಪಗಳನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಮರಳಿ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ಮೊದಲನೆಯದರಲ್ಲಿ ಪಾತ್ರ ಲೋಕದಿಂದ ಕತ್ತರಿಸಿ ನಿಲ್ಲುತ್ತದೆ. ಎರಡನೆಯದರಲ್ಲಿ ಪಾತ್ರ ಮನೆಯೊಳಗೆ ಕರಗಿರುತ್ತದೆ.

ಯಂತ್ರಕ್ಕೆ ‘ನಾಟಕೀಯ ಬೆಳಕು’ ಎಂದು ಬರೆದರೆ ಮೊದಲ ಬಗೆಯ ಅಗ್ಗದ ನಕಲು ಬರುತ್ತದೆ. ಬೆಳಕಿನ ಮೂಲವನ್ನೇ ಹೆಸರಿಸಿದರೆ ಫಲ ಬೇರೆ. ‘ಹೆಂಚಿನ ನಡುವೆ ಕೂರಿಸಿದ ಒಂದು ಗಾಜಿನ ಹೆಂಚಿನಿಂದ ಅಡುಗೆಮನೆಯ ಹೊಗೆಯೊಳಗೆ ಇಳಿಯುವ ಬಿಸಿಲಕೋಲು’ ಎಂದು ಬರೆದು ನೋಡಿ. ಹಳೆಯ ಮನೆಯಲ್ಲಿ ಬೆಳೆದ ಯಾರಿಗೇ ಆದರೂ ಆ ಬೆಳಕು ಗೊತ್ತು. ಅದರ ಎದುರು ‘ಮೋಡ ಮುಚ್ಚಿದ ಹಗಲು, ನೆರಳೇ ಇಲ್ಲ, ಒದ್ದೆ ಅಂಗಳದಿಂದ ಮೇಲಕ್ಕೆ ಪ್ರತಿಫಲಿಸುವ ಮಂದ ಬೆಳಕು’ ಎಂಬುದನ್ನು ಇಡಿ. ಅಜ್ಜಿಯ ಚಿತ್ರಕ್ಕೆ ನಾನು ಆರಿಸಿಕೊಂಡದ್ದು ಎರಡನೆಯದನ್ನು. ಮಳೆಗಾಲದಲ್ಲಿ ಮಲೆನಾಡಿನ ಮನೆಗೆ ಬರುವ ಬೆಳಕು ಅದೇ. ಮೊದಲ ಚಿತ್ರದ ಚಿನ್ನದ ಬಿಸಿಲು ಆ ಊರಿನದೇ ಆಗಿರಲಿಲ್ಲ.

ಕನ್ನಡದಲ್ಲಿ ಬೆಳಕಿಗೆ ಎಷ್ಟು ಪದಗಳಿವೆ ಎಂಬುದು ಈ ಕೆಲಸ ಮಾಡುವಾಗ ನನಗೆ ಮತ್ತೆ ತಿಳಿಯಿತು. ಎಳೆಬಿಸಿಲು, ಹೂಬಿಸಿಲು, ಇಳಿಬಿಸಿಲು, ಉರಿಬಿಸಿಲು, ಮುಸ್ಸಂಜೆ, ಗೋಧೂಳಿ, ನಸುಕು, ಬೆಳ್ಳಂಬೆಳಗು. ಗೋಧೂಳಿಯಲ್ಲಂತೂ ಹೊತ್ತು, ದನ, ಧೂಳು, ಬಣ್ಣ ಎಲ್ಲವೂ ಸೇರಿಕೊಂಡಿವೆ. ಆದರೆ ಆ ಪದವನ್ನು ಹಾಗೆಯೇ ಕೊಟ್ಟಾಗ ನನಗೆ ಬಂದದ್ದು ಬರೀ ಸೂರ್ಯಾಸ್ತ. ಬಿಡಿಸಿ ಹೇಳಬೇಕಾಯಿತು: ‘ಮನೆಗೆ ಮರಳುವ ದನಗಳ ಕಾಲಿನಿಂದೆದ್ದ ಕೆಂಪು ಧೂಳು, ಅದರ ಹಿಂದಿನಿಂದ ತೂರಿಬರುವ ಇಳಿಬಿಸಿಲು, ದನಗಳ ಬೆನ್ನಿನ ಅಂಚು ಮಾತ್ರ ಹೊಳೆಯುತ್ತಿದೆ.’

ಶೈಲಿಯ ಹೆಸರೋ, ಮಾಧ್ಯಮದ ವರ್ಣನೆಯೋ

ಜಗತ್ತು ಚೆನ್ನಾಗಿ ಬಲ್ಲ ಶೈಲಿಯಾದರೆ ಹೆಸರು ಹೇಳಿ ಸುಮ್ಮನಾಗಬಹುದು. ಜಪಾನಿನ ಉಕಿಯೊ-ಎ ಮರದಚ್ಚಿನ ಚಿತ್ರ, ಫ್ರಾನ್ಸಿನ ಇಂಪ್ರೆಷನಿಸಂ, ರವಿವರ್ಮನ ಅಚ್ಚಿನ ದೇವರ ಪಟ: ಇವುಗಳ ಲಕ್ಷಾಂತರ ಪ್ರತಿಗಳು ಜಾಲದಲ್ಲಿವೆ, ಯಂತ್ರಕ್ಕೆ ಪರಿಚಯವಿದೆ. ನಮ್ಮ ಶೈಲಿಗಳ ಹೆಸರು ಹೇಳಿದರೆ ಪಕ್ಕದ ಮನೆಯವರು ಬಂದುಬಿಡುತ್ತಾರೆ. ಮೈಸೂರು ಶೈಲಿ ಕೇಳಿದರೆ ತಂಜಾವೂರು, ಹಸೆ ಚಿತ್ತಾರ ಕೇಳಿದರೆ ಮಹಾರಾಷ್ಟ್ರದ ವಾರ್ಲಿ, ಯಕ್ಷಗಾನ ಕೇಳಿದರೆ ಕಥಕಳಿಯ ಹಸಿರು ಮುಖ. ನಾನು ಬಳಸಿದ ಸಾಧನಗಳಲ್ಲೆಲ್ಲ ಆದದ್ದು ಇದೇ. ಹೆಚ್ಚು ಪ್ರಚಾರವಿರುವ ಕಲೆ ಕಡಿಮೆ ಪ್ರಚಾರವಿರುವುದನ್ನು ನುಂಗುತ್ತದೆ. ಇದು ನನಗೆ ನೋವಿನ ಸಂಗತಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನೇ ತೆಗೆದುಕೊಳ್ಳಿ. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರಿನ ಎಳೆ. ಚಿತ್ರದ ಜೀವ ಇರುವುದು ಗೆರೆಯಲ್ಲಿ: ನೇರವಾದ, ಒತ್ತೊತ್ತಾದ, ಒಂದರ ಮೇಲೊಂದು ಹಾದು ಬಲೆಯಂತೆ ಹೆಣೆದುಕೊಳ್ಳುವ ತೆಳುಗೆರೆ. ವಾರ್ಲಿಯಲ್ಲಿ ಎರಡು ತ್ರಿಕೋನ ಸೇರಿ ಮೈಯಾಗುತ್ತದೆ, ವೃತ್ತ ತಲೆಯಾಗುತ್ತದೆ, ಮನುಷ್ಯರು ಗೋಡೆಯ ತುಂಬ ಓಡಾಡುತ್ತಾರೆ. ಚಿತ್ತಾರದಲ್ಲಿ ಚೌಕಟ್ಟೇ ಹಿರಿದು. ಮದುಮಕ್ಕಳು ಅದರ ನಡುವೆ ಪುಟ್ಟದಾಗಿ ನಿಲ್ಲುತ್ತಾರೆ. ಈ ವ್ಯತ್ಯಾಸವನ್ನು ಯಂತ್ರಕ್ಕೆ ಹೇಳದಿದ್ದರೆ ಅದಕ್ಕೆ ‘ಕೆಂಪು ಗೋಡೆ, ಬಿಳಿ ಗೆರೆ’ ಎಂದರೆ ವಾರ್ಲಿಯೇ. ‘ಹಸೆ ಚಿತ್ತಾರ ಶೈಲಿ’ ಎಂಬ ಮೂರು ಪದಗಳ ಬದಲು ‘ಕೆಮ್ಮಣ್ಣಿನ ಗೋಡೆಯ ಮೇಲೆ ನಾರಿನ ಕುಂಚದ ತೆಳು ಬಿಳಿ ನೇರಗೆರೆಗಳು, ಚೌಕದೊಳಗೆ ಚೌಕ, ಚಾಪೆಯ ಹೆಣಿಗೆಯಂತೆ ಹಾದುಹೋಗುವ ಓರೆಗೆರೆಗಳು, ಅಂಚಿನ ಸುತ್ತ ಹಲವು ಸಾಲಿನ ಪಟ್ಟಿ, ನಡುವೆ ಎರಡು ಪುಟ್ಟ ಆಕೃತಿಗಳು’ ಎಂದು ಬರೆದಾಗ ಬಂದದ್ದು ಚಿತ್ತಾರದ ಹತ್ತಿರ ಬಂತು. ಹತ್ತಿರ ಮಾತ್ರ. ಮದುವೆಯ ಆಮಂತ್ರಣಕ್ಕೆ ನಿಜವಾದ ಚಿತ್ತಾರ ಬೇಕಿದ್ದರೆ ಅದನ್ನು ಬರೆಯುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಅವರಿಂದ ಬರೆಸಿ, ಹಣ ಕೊಡಿ. ಈ ಆಯ್ಕೆಯನ್ನು ಯಾವ ಪ್ರಾಂಪ್ಟಿನ ಜೊತೆಗೂ ನಾನು ಹೋಲಿಸಲಾರೆ.

ಮೈಸೂರು ಶೈಲಿಗೂ ಇದೇ ಉಪಾಯ. ತಂಜಾವೂರಿನಲ್ಲಿ ಉಬ್ಬು ದಪ್ಪ, ಗಾಜಿನ ಹರಳು ಧಾರಾಳ, ಚಿನ್ನ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯಲ್ಲಿ ಗೆಸ್ಸೊ ಕೆಲಸ, ಅಂದರೆ ಚಿನ್ನದ ಅಡಿಯ ಉಬ್ಬು ಲೇಪ, ತೀರ ತೆಳು, ಚಿನ್ನದ ರೇಕು ಒಡವೆಗೂ ಸೆರಗಿನ ಅಂಚಿಗೂ ಪೀಠಕ್ಕೂ ಸೀಮಿತ, ಗೆರೆ ಕೂದಲೆಳೆಯಷ್ಟು ಸಣ್ಣ. ಹಾಗಾಗಿ ‘ಹರಳು’ ಎಂಬ ಪದವನ್ನು ಬಿಟ್ಟು ‘ತೆಳು ಉಬ್ಬು, ಮಂದ ಹಸಿರು ಹಿನ್ನೆಲೆ, ಒಡವೆಯಲ್ಲಿ ಮಾತ್ರ ಚಿನ್ನ, ನವಿರಾದ ಗೆರೆ’ ಎಂದು ಬರೆಯಬೇಕು.

ಕಲ್ಲಿನ ವಿಷಯದಲ್ಲಿಯೂ ಅಷ್ಟೇ. ‘ಕರ್ನಾಟಕದ ಪ್ರಾಚೀನ ದೇವಾಲಯ’ ಎಂದರೆ ಏನೋ ಒಂದು ಬೂದು ಗೋಪುರ ಬರುತ್ತದೆ. ಬಾದಾಮಿಗೆ ಕೆಂಪು ಮರಳುಗಲ್ಲು, ಹಂಪಿಗೆ ದುಂಡುಬಂಡೆಗಳ ನಡುವಿನ ಕಣಶಿಲೆ, ಬೇಲೂರು–ಹಳೇಬೀಡಿಗೆ ನುಣುಪಾದ, ಹಸಿರು ಛಾಯೆಯ ಬಳಪದ ಕಲ್ಲು ಎಂದು ಹೇಳಿದರೆ ಮೂರು ಬೇರೆ ಭಾವಗಳು ತಾವಾಗಿಯೇ ಬರುತ್ತವೆ.

ಅಜ್ಜಿಗೆ ನಾನು ಜಲವರ್ಣ ಆರಿಸಿದೆ. ತೈಲವರ್ಣದಲ್ಲಿ ಮಳೆ ಭಾರವಾಗಿತ್ತು, ಪೆನ್ಸಿಲಿನಲ್ಲಿ ಮನೆ ಚೆನ್ನಾಗಿ ಬಂದು ಮಳೆ ಗೀಚಿದಂತಾಗಿತ್ತು. ‘ಜಲವರ್ಣ’ ಎಂಬ ಒಂದು ಪದ ಸಾಲದು. ‘ಒರಟು ಕಾಗದ, ಒದ್ದೆಯಲ್ಲಿ ಹರಡಿದ ಬಣ್ಣ, ದೂರದ ಅಡಿಕೆ ತೋಟ ಕಾಗದದೊಳಗೆ ಕರಗಿದೆ, ಹೆಂಚಿನ ಅಂಚಿನಲ್ಲಿ ಬಣ್ಣ ಹಾಕದೆ ಬಿಟ್ಟ ಬಿಳಿ’ ಎಂದು ಹೇಳಿದಾಗ ಕೆಲಸ ಆಯಿತು.

ಕಲಾವಿದರ ಹೆಸರು

ಬಹಳ ಜನ ಹಿಡಿಯುವ ಸುಲಭದ ದಾರಿ ‘ಇಂಥವರ ಶೈಲಿಯಲ್ಲಿ’ ಎಂದು ಬರೆಯುವುದು. 2022ರಲ್ಲಿ ಪೋಲೆಂಡಿನ ಕಲಾವಿದ ಗ್ರೆಗ್ ರುಟ್ಕೋವ್‌ಸ್ಕಿಯ ಹೆಸರನ್ನು ಪ್ರಾಂಪ್ಟುಗಳಲ್ಲಿ ಎಷ್ಟು ಜನ ಬಳಸಿದರೆಂದರೆ, ಜಾಲದಲ್ಲಿ ತನ್ನ ಸ್ವಂತ ಚಿತ್ರಗಳು ನಕಲುಗಳ ನಡುವೆ ಕಳೆದುಹೋಗುವ ಸ್ಥಿತಿ ಬಂದಿದೆ ಎಂದು ಅವರು ಬಹಿರಂಗವಾಗಿ ಕಳವಳ ಹೇಳಿಕೊಳ್ಳಬೇಕಾಯಿತು. ಮರುವರ್ಷ ಬಂದ ಡಾಲ್-ಇ 3 ಎಂಬ ಚಿತ್ರಸಾಧನ ಬದುಕಿರುವ ಕಲಾವಿದರ ಶೈಲಿಯನ್ನು ಹೆಸರಿಸಿ ಕೇಳಿದರೆ ನಿರಾಕರಿಸುವಂತೆ ರೂಪಿಸಲ್ಪಟ್ಟಿತು. ಬದುಕಿರುವವರ ಹೆಸರನ್ನು ನಾನು ಬಳಸುವುದಿಲ್ಲ. ಅವರ ಅನ್ನ ಅದು.

ಬದುಕಿಲ್ಲದ ಹಿರಿಯರಿಂದ ಕಲಿಯಲು ಹೆಸರಿಗಿಂತ ಅವರ ಕೈಚಳಕವನ್ನು ಗಮನಿಸುವುದು ಮೇಲು. ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲಿನ ಜಲವರ್ಣಗಳನ್ನು ನೋಡಿ, ಮಂಜಿಗೆ ಅವರು ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದನ್ನು ಮಾತಿನಲ್ಲಿ ಬರೆದುಕೊಳ್ಳಿ. ಕೆ. ಕೆ. ಹೆಬ್ಬಾರರ ರೇಖಾಚಿತ್ರದಲ್ಲಿ ಕುಣಿಯುವವರ ಮೈ ಎಷ್ಟು ಕಡಿಮೆ ಗೆರೆಗಳಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಿ. ಹಾಗೆ ಬರೆದುಕೊಂಡ ಮಾತುಗಳೇ ನಿಮ್ಮ ಪ್ರಾಂಪ್ಟ್. ‘ವೆಂಕಟಪ್ಪ’ ಎಂಬ ಹೆಸರು ಕೊಟ್ಟಾಗ ನನ್ನ ಸಾಧನಕ್ಕೆ ಏನೂ ತಿಳಿಯಲಿಲ್ಲ. ‘ಚಿತ್ರದ ಮುಕ್ಕಾಲು ಭಾಗ ಮಂಜು, ಬೆಟ್ಟದ ನೆತ್ತಿ ಮಾತ್ರ ತೇಲುತ್ತಿದೆ’ ಎಂದಾಗ ತಿಳಿಯಿತು.

ಫೋಟೋದಂತೆ ಬೇಕೆ?

ಬೇಕಾದರೆ ‘ಅತಿ ನೈಜ’, ‘8ಕೆ’ ಎಂಬ ಪದಗಳನ್ನು ಬಿಟ್ಟು ಕ್ಯಾಮೆರಾ ಎಲ್ಲಿದೆ ಎಂದು ಹೇಳಿ. 35 ಮಿ.ಮೀ. ಮಸೂರ ಎಂದರೆ ಜಗಲಿ, ಅಂಗಳ ಎಲ್ಲ ಸೇರುತ್ತವೆ; 85 ಮಿ.ಮೀ. ಎಂದರೆ ಮುಖ ಹತ್ತಿರ, ಹಿನ್ನೆಲೆ ಮಸುಕು. ಕ್ಯಾಮೆರಾ ಕುಳಿತವರ ಕಣ್ಣಿನ ಎತ್ತರದಲ್ಲಿದ್ದರೆ ನಾವು ಅಜ್ಜಿಯ ಪಕ್ಕ ಕುಳಿತಂತೆ, ಮೇಲಿನಿಂದ ನೋಡಿದರೆ ಕನಿಕರ ತೋರಿಸಿದಂತೆ. ಒಂದು ಕಡೆ ಮಾತ್ರ ಈ ದಾರಿ ಬೇಡವೇ ಬೇಡ: ಊರಿನ ಇತಿಹಾಸ, ಸ್ವಾತಂತ್ರ್ಯ ಹೋರಾಟ, ನೆರೆ–ಬರದಂತಹ ವಿಷಯಗಳ ಬರಹಕ್ಕೆ ಹಳೆಯ ಕಪ್ಪು–ಬಿಳುಪು ಫೋಟೋದಂತೆ ಕಾಣುವ ಚಿತ್ರ ತಯಾರಿಸಬೇಡಿ. ಓದುಗರು ಅದನ್ನು ದಾಖಲೆಯೆಂದು ನಂಬುತ್ತಾರೆ. ಅಲ್ಲಿಗೆ ಕೈಯಿಂದ ಬರೆದದ್ದೆಂದು ಕಾಣುವ ರೇಖಾಚಿತ್ರ ಸಾಕು.

ಕನ್ನಡದಲ್ಲೋ, ಇಂಗ್ಲಿಷಿನಲ್ಲೋ

ಸಾಧನವನ್ನು ನೋಡಿ ನಿರ್ಧರಿಸಬೇಕು. ಹಳೆಯ ಸ್ಟೇಬಲ್ ಡಿಫ್ಯೂಷನ್ನಿನಂಥವು ಒಂದು ಸಲಕ್ಕೆ 77 ಟೋಕನ್ನುಗಳನ್ನಷ್ಟೇ, ಅಂದರೆ ಪಠ್ಯದ ತುಣುಕುಗಳನ್ನಷ್ಟೇ, ಓದುತ್ತವೆ. ಕನ್ನಡದ ಒಂದೊಂದು ಅಕ್ಷರವೂ ಅಲ್ಲಿ ಹಲವು ತುಣುಕುಗಳಾಗಿ ಒಡೆಯುವುದರಿಂದ ಎರಡು ಸಾಲಿಗೇ ಜಾಗ ಮುಗಿಯುತ್ತದೆ, ಓದಿದ್ದೂ ಅರ್ಥವಾಗುವುದಿಲ್ಲ. ಅಲ್ಲಿ ಇಂಗ್ಲಿಷ್ ಅನಿವಾರ್ಯ. ಮಾತುಕತೆಯ ರೂಪದ ಹೊಸ ಸಾಧನಗಳಿಗೆ ಕನ್ನಡ ತಿಳಿಯುತ್ತದೆ.

ಯಾವ ಭಾಷೆಯಲ್ಲಿ ಕಳುಹಿಸಿದರೂ ಯೋಚಿಸುವುದು ಕನ್ನಡದಲ್ಲಿರಲಿ. ‘ಬಿಕೋ ಎನ್ನುವ ಮನೆ’ಯನ್ನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟಾಗ ನನಗೆ ಪಾಳುಬಿದ್ದ ಬಂಗಲೆ ಬಂತು. ಬಿಕೋ ಎನ್ನುವ ಮನೆ ಪಾಳುಬಿದ್ದಿರುವುದಿಲ್ಲ. ಗುಡಿಸಿ ಸಾರಿಸಿರುತ್ತದೆ, ಜನ ಇರುವುದಿಲ್ಲ ಅಷ್ಟೆ. ‘ಸಗಣಿಯಿಂದ ಸಾರಿಸಿದ ಸ್ವಚ್ಛ ಅಂಗಳ, ಹೊಸ ರಂಗೋಲಿ, ಎಲ್ಲಿಯೂ ಹೆಜ್ಜೆಗುರುತಿಲ್ಲ’ ಎಂದರೆ ಆ ಪದ ಚಿತ್ರವಾಗುತ್ತದೆ. ಮಳೆಗೂ ಹಾಗೆಯೇ. ಸೋನೆಯನ್ನು ‘ಗೆರೆಯಾಗಿ ಕಾಣದ ಸಣ್ಣ ಹನಿ, ದೂರದ ಮರಗಳು ಮಬ್ಬು, ಸೂರಿನ ಅಂಚಿನಲ್ಲಿ ತೊಟ್ಟಿಕ್ಕುವ ನೀರು’ ಎಂದೂ, ಜಡಿಮಳೆಯನ್ನು ‘ಸೂರಿನಿಂದ ಹಗ್ಗದಂತೆ ಇಳಿಯುವ ನೀರು, ಅಂಗಳದಲ್ಲಿ ಹರಿಯುವ ಕೆನ್ನೀರು’ ಎಂದೂ ಬಿಡಿಸಬೇಕು. ಬರೀ ‘ಮಳೆ’ ಎಂದರೆ ನಗರದ ರಸ್ತೆ, ಬಣ್ಣದ ಕೊಡೆ, ದೀಪಗಳ ಪ್ರತಿಬಿಂಬ ಬರುತ್ತವೆ.

ಒಂದಕ್ಕೊಂದು ಕಾಲೆಳೆಯುವ ಪದಗಳು

‘ಜಲವರ್ಣ’ದ ಪಕ್ಕದಲ್ಲಿ ‘ಸ್ಪಷ್ಟ ವಿವರಗಳು’ ಎಂದು ಬರೆದರೆ ಒಂದು ಮತ್ತೊಂದನ್ನು ಕೊಲ್ಲುತ್ತದೆ. ‘ಸರಳ’ ಮತ್ತು ‘ವೈಭವದ’ ಒಟ್ಟಿಗೆ ಬಾಳುವುದಿಲ್ಲ. ‘ಸುಂದರ’, ‘ಅದ್ಭುತ’, ‘ಅತ್ಯುತ್ತಮ’ ಎಂಬ ಹೊಗಳಿಕೆಗಳು ಅಜ್ಜಿಯ ಮುಖಕ್ಕೆ ಪೌಡರ್ ಬಳಿಯುತ್ತವೆ, ಅವನ್ನು ತೆಗೆಯಿರಿ. ‘ಕಣ್ಣೀರು ಬೇಡ’ ಎಂದು ಬರೆದರೂ ಅನೇಕ ಸಾಧನಗಳು ‘ಕಣ್ಣೀರು’ ಎಂಬ ಪದವನ್ನೇ ಹಿಡಿದುಕೊಳ್ಳುತ್ತವೆ. ಬೇಡದ್ದನ್ನು ಬರೆಯಲು ಪ್ರತ್ಯೇಕ ಜಾಗವಿದ್ದರೆ ಅಲ್ಲಿ ಬರೆಯಿರಿ. ಇಲ್ಲದಿದ್ದರೆ ಬೇಕಾದದ್ದನ್ನು ಹೇಳಿ: ‘ಒಣಗಿದ ಕಣ್ಣು, ಮುಚ್ಚಿದ ತುಟಿ.’ ಒಂದು ಸಲಕ್ಕೆ ಒಂದು ಪದವನ್ನು ಮಾತ್ರ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಗೊತ್ತಾಗುವುದಿಲ್ಲ.

ಕೊನೆಗೆ ಮುಖಪುಟಕ್ಕೆ ಹೋದ ಪ್ರಾಂಪ್ಟ್ ಇದು: ‘ಮೋಡ ಮುಚ್ಚಿದ ಸಂಜೆ, ನೆರಳಿಲ್ಲದ ಮಂದ ಬೆಳಕು, ಆಕಾಶ ಮತ್ತು ಗೋಡೆ ಪಾರಿವಾಳದ ಬೂದು. ಒರಟು ಕಾಗದದ ಮೇಲೆ ಜಲವರ್ಣ. ಮಲೆನಾಡಿನ ಹೆಂಚಿನ ಮನೆಯ ಜಗಲಿ ಅಂಗಳದ ಆಚೆಯಿಂದ ಕಾಣುತ್ತಿದೆ. ಉದ್ದನೆಯ ಬೆಂಚಿನ ಎಡತುದಿಯಲ್ಲಿ ಹತ್ತಿ ಸೀರೆಯ ಅಜ್ಜಿ, ಚಿಕ್ಕದಾಗಿ. ಗೋಡೆಯಲ್ಲಿ ಗೂಟಗಳ ಸಾಲು, ಒಂದರಲ್ಲಿ ಕಪ್ಪು ಕೊಡೆ. ಸೂರಿನಿಂದ ತೊಟ್ಟಿಕ್ಕುವ ನೀರು. ಬಲಭಾಗದ ಮೇಲೆ ಬರೀ ಮಬ್ಬು.’ ಭಾವದ ಹೆಸರು ಒಂದೂ ಇಲ್ಲ.

ಚಿತ್ರವನ್ನು ಕಥೆಗಳ ಲೇಖಕಿಗೆ ಕಳುಹಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: ‘ಆ ಕೊಡೆ ಯಾರದು?’ ಮಗನದ್ದಿರಬಹುದು ಎಂದು ಅವರೇ ಹೇಳಿ, ಸ್ವಲ್ಪ ಹೊತ್ತಿನ ಬಳಿಕ, ಹಿಡಿಕೆಯನ್ನು ಬಿದಿರಿನದ್ದಾಗಿ ಮಾಡಲು ಸಾಧ್ಯವೇ ಎಂದು ವಿಚಾರಿಸಿದರು. ಮಾಡಿದೆ. ಶೀರ್ಷಿಕೆಯನ್ನು ಯಂತ್ರದಿಂದ ಬರೆಸಲಿಲ್ಲ, ಒತ್ತಕ್ಷರಗಳು ಅದರ ಕೈಯಲ್ಲಿ ಮುರಿಯುತ್ತವೆ. ಬಲಭಾಗದ ಮಬ್ಬಿನಲ್ಲಿ ಬಿಟ್ಟಿದ್ದ ಜಾಗದಲ್ಲಿ ನಾನೇ ಅಕ್ಷರ ಕೂರಿಸಿದೆ.